ಹೈಸ್ಕೂಲ್ ಮಕ್ಕಳು ಕಲಿಯೋಕೆ ಕರ್ನಾಟಕ ಸಂಗೀತವೋ, ಹಿಂದೂಸ್ತಾನಿಯೋ?

ಮಡಿಕೇರಿಯವರಿಗೆ ಮೊದಲ ಪ್ರಶ್ನೆ ಗುರುಗಳದ್ದು. ಕರ್ನಾಟಕ ಸಂಗೀತಕ್ಕೆ ಹೆಸರಾದ ಮೈಸೂರು ಸುಮಾರು 120 ಕಿಲೋಮೀಟರ್, ಹಿಂದೂಸ್ತಾನಿಗೆ ಹೆಸರಾದ ಧಾರವಾಡ ಇನ್ನೂ ದೂರ. ಹತ್ತಿರ ಯಾರಿದ್ದಾರೆ ಅಂತ ಮೊದಲು ವಿಚಾರಿಸಿ.

ಕರ್ನಾಟಕ ಸಂಗೀತದಲ್ಲಿ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಎಂಬ ಸ್ವರಾಭ್ಯಾಸಗಳು, ಆಮೇಲೆ ಗೀತೆ ಅಂತ ಮೆಟ್ಟಿಲು ಹತ್ತಬೇಕು. ನಾಲ್ಕು ದಿನ ಪಾಠ ತಪ್ಪಿದರೂ ಎಲ್ಲಿ ಬಿಟ್ಟೆವು ಅಂತ ಗೊತ್ತಿರುತ್ತದೆ. ಮಳೆಗೆ ರಜೆ ಕೊಡುವ ನಮ್ಮೂರಿಗೆ ಇದು ದೊಡ್ಡ ಅನುಕೂಲ.

ರಾಗಗಳನ್ನು ವಿಂಗಡಿಸೋಕೆ ಹಿಂದೂಸ್ತಾನಿಯಲ್ಲಿ ಕರ್ನಾಟಕ ಸಂಗೀತದ 72 ಮೇಳಕರ್ತದ (ಮೂಲ ರಾಗಗಳ) ಬದಲು 10 ಥಾಟ್. ಲೆಕ್ಕ ಕಮ್ಮಿ, ಆದರೆ ಯಮನ್ ರಾಗ ಒಂದರಲ್ಲೇ ತಿಂಗಳುಗಟ್ಟಲೆ ಕೂರುವ ತಾಳ್ಮೆ ಬೇಕು.

ಮೃದಂಗವಾಗಲಿ ತಬಲಾವಾಗಲಿ, ಚರ್ಮಕ್ಕೆ ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳ) ತೇವ ಆಗಿಬರುವುದಿಲ್ಲ. ಕೊಡವರ ಪುಟ್ಟ ಚರ್ಮವಾದ್ಯ ದುಡಿ ಬಾರಿಸುವ ಮನೆಯವರಿಗೆ ಇದು ಗೊತ್ತೇ ಇದೆ, ಅಲ್ವಾ? ಹಾಗಾಗಿ, ಹತ್ತನೇ ಕ್ಲಾಸಿನ ಓದೂ ಜೊತೆಗಿದ್ದರೆ ನನ್ನ ಓಟು ಕರ್ನಾಟಕ ಗಾಯನಕ್ಕೆ.