ವರ್ಲ್ಡ್ ಕ್ಲೈಮೇಟ್ ಸಿಮ್ಯುಲೇಶನ್: ಪಿಯು ತರಗತಿಯಲ್ಲಿ ಆಡಿಸುವವರಿಗೆ

ಕ್ಲೈಮೇಟ್ ಇಂಟರಾಕ್ಟಿವ್ ಸಂಸ್ಥೆ ಅಮೆರಿಕದ ಎಂಐಟಿಯ ನಿರ್ವಹಣಾ ಶಾಲೆ ಸ್ಲೋನ್ ಜೊತೆ ಸೇರಿ ರೂಪಿಸಿದ ಈ ಅಣಕು ಶೃಂಗಸಭೆಗೆ ಕಾಸು ಕೊಡಬೇಕಿಲ್ಲ. ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಇಂಟರ್ನೆಟ್, ಎರಡು ಮೂರು ಗಂಟೆ ಇದ್ದರಾಯಿತು. ಮಕ್ಕಳು ದೇಶಗಳ ನಿಯೋಗಗಳಾಗಿ ಕೂರುತ್ತಾರೆ. ಇಂಗಾಲದ ಹೊಗೆ ಯಾವ ವರ್ಷ ಏರುವುದು ನಿಲ್ಲಬೇಕು, ಯಾವಾಗಿನಿಂದ ವರ್ಷಕ್ಕೆ ಶೇಕಡಾ ಎಷ್ಟು ಇಳಿಯಬೇಕು, ಕಾಡು ಎಷ್ಟು ಉಳಿಸಬೇಕು, ಎಷ್ಟು ಬೆಳೆಸಬೇಕು, ಹವಾಮಾನ ನಿಧಿಗೆ ಯಾರು ಎಷ್ಟು ಕೊಡಬೇಕು ಎಂದು ಚೌಕಾಸಿ ಮಾಡುತ್ತಾರೆ. ಆ ಅಂಕಿಗಳನ್ನು ಸಿ-ರೋಡ್ಸ್ ಎಂಬ ಹವಾಮಾನ ಲೆಕ್ಕದ ಕಂಪ್ಯೂಟರ್ ಮಾದರಿಗೆ ಹಾಕಿದರೆ 2100ರ ತಾಪಮಾನ ಪರದೆಯ ಮೇಲೆ ಬರುತ್ತದೆ.

ಶ್ರೀಮಂತ ದೇಶಗಳಿಗೆ ಮೇಜು, ತಿಂಡಿ. ಬಡ ದೇಶಗಳಿಗೆ ನೆಲ. ಸಮುದ್ರ ಏರಿದಾಗ ನೆಲದಲ್ಲಿದ್ದವರ ಮೇಲೆ ನೀಲಿ ಟಾರ್ಪಾಲು ಬೀಳುತ್ತದೆ. ನ್ಯಾಯದ ಅರ್ಧ ಪಾಠ ಅಲ್ಲೇ ಆಗಿಬಿಡುತ್ತದೆ. ಆದರೆ ಯಾರು ನೆಲದಲ್ಲಿ ಕೂರಬೇಕೆಂದು ಚೀಟಿ ಎತ್ತಿಸಿ. ಮೇಷ್ಟ್ರು ಕೈತೋರಿಸಿ ಕೂರಿಸಿದರೆ ನಮ್ಮ ತರಗತಿಗಳಲ್ಲಿ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ.

ದೇಶಗಳನ್ನು ಮೂರೇ ಗುಂಪು ಮಾಡುವ ಆವೃತ್ತಿ ಬೇಡ. ಅದರಲ್ಲಿ ಭಾರತ, ಚೀನಾ ಒಂದೇ ಗುಂಪು. ವರ್ಷಕ್ಕೆ ತಲಾ ಇಂಗಾಲದ ಡೈಆಕ್ಸೈಡ್ ನಮ್ಮದು ಸುಮಾರು 2 ಟನ್, ಅವರದು 8, ಅಮೆರಿಕದವರದು 14. ಆರು ಗುಂಪಿನದರಲ್ಲಿ ಭಾರತ ಪ್ರತ್ಯೇಕವಾಗಿದೆ, ಅದನ್ನೇ ಆರಿಸಿ.

ಮೊದಲ ಸುತ್ತಿನಲ್ಲಿ ಮಕ್ಕಳು ಎಡವುವುದು ‘ಏರಿಕೆ ನಿಂತರೆ ಸಾಕು’ ಎಂಬಲ್ಲಿ. ವಾತಾವರಣವೂ ತೊಟ್ಟಿಯಂತೆ: ನಲ್ಲಿ ಒಂದೇ ಸಮ ಬಿಟ್ಟ ತೊಟ್ಟಿ, ಸೋರಿಕೆಗಿಂತ ಒಳಹರಿವು ಹೆಚ್ಚಿದ್ದರೆ ತುಂಬುತ್ತಲೇ ಇರುತ್ತದೆ. ಎರಡನೇ ಸುತ್ತಿಗೆ ಮುಂಚೆ ಇದನ್ನು ಬೋರ್ಡಿನಲ್ಲಿ ಬರೆದು ತೋರಿಸಿ. ಗಿಡ ನೆಡುವುದನ್ನು ಸಿ-ರೋಡ್ಸ್‌ನಲ್ಲಿ ಗರಿಷ್ಠ ಮಟ್ಟವಾದ ಶೇಕಡಾ 100ಕ್ಕೆ ಏರಿಸಿದರೂ ತಾಪಮಾನ ಅಷ್ಟಾಗಿ ಇಳಿಯದು, ಮರ ಬೆಳೆಯಲು ದಶಕಗಳೇ ಬೇಕು. ನಿಧಿಯ ಹಣ ತಾಪಮಾನದ ಲೆಕ್ಕಕ್ಕೆ ಸೇರುವುದಿಲ್ಲ. ಯಾರು ಎಷ್ಟು ಕೊಟ್ಟರೆಂದು ನೀವೇ ಬೋರ್ಡಿನಲ್ಲಿ ಬರೆಯದಿದ್ದರೆ ಚೌಕಾಸಿ ತಣ್ಣಗಾಗುತ್ತದೆ. 2009ರ ಕೋಪನ್‌ಹೇಗನ್ ಹವಾಮಾನ ಶೃಂಗಸಭೆಯಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಟ್ಟ ವರ್ಷಕ್ಕೆ 100 ಶತಕೋಟಿ ಡಾಲರ್ ಮಾತನ್ನು ಆಗ ನೆನಪಿಸಿ.

ದೊಡ್ಡ ಕೊರತೆ ಎಂದರೆ, ಊರಿನ ಮಟ್ಟದ ಕೆಲಸ ಇದರಲ್ಲಿಲ್ಲ. ಅದಕ್ಕೇ ಕೊನೆಯ 40 ನಿಮಿಷ ತುಮಕೂರು ಜಿಲ್ಲೆಯ ಪಾವಗಡಕ್ಕೆ ಮೀಸಲಿಡಿ. ಅಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್, ಸುಮಾರು 13,000 ಎಕರೆ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಜಮೀನಿಲ್ಲದವರ ಪಾತ್ರವನ್ನು ಒಂದು ಗುಂಪಿಗೆ ಕೊಡಿ. ಆಮೇಲೆ ಪ್ರತಿ ಗುಂಪೂ ತನ್ನ ಊರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಬರೆಯಲಿ, ಉದಾಹರಣೆಗೆ ಬೇಸಿಗೆಯಲ್ಲಿ ಯಾವ ಕೇರಿಗೆ ನೀರು ಮೊದಲು ನಿಲ್ಲುತ್ತದೆ ಎಂದು. ಮಕ್ಕಳ ಗ್ರಾಮಸಭೆಯಲ್ಲಿ ಪಿಡಿಓ ಮುಂದಿಡಲು ಅಂಥ ಪ್ರಶ್ನೆಯೇ ಸರಿ.