ರಕ್ತ ಇಳಿಯೋದು ಎರಡು ಗಂಟೆ, ಹೋಗೋದು ಇಡೀ ದಿನ: ಡೇ ಕೇರ್‌ನಲ್ಲಿ ನನ್ನ 14 ತಿಂಗಳು

ನನಗಿರುವುದು ಎಂಡಿಎಸ್. ಮೂಳೆಮಜ್ಜೆ ಸರಿಯಾದ ರಕ್ತಕಣಗಳನ್ನು ತಯಾರಿಸದೆ ಕೈಕೊಡುವ, ರಕ್ತದ ಕ್ಯಾನ್ಸರ್‌ಗಳ ಸಾಲಿಗೆ ಸೇರುವ ಕಾಯಿಲೆ. ಹಿಮೋಗ್ಲೋಬಿನ್ ಏರಿಸಲು ಎರಿತ್ರೊಪೊಯೆಟಿನ್ ಇಂಜೆಕ್ಷನ್ 12 ವಾರ ಕೊಟ್ಟು ನೋಡಿದರು, ನನ್ನ ಮೈ ಒಪ್ಪಲಿಲ್ಲ. ಉಳಿದದ್ದು ರಕ್ತ ಹಾಕಿಸಿಕೊಳ್ಳುವ ದಾರಿ ಒಂದೇ. ಇಲ್ಲಿಯವರೆಗೆ ಆಸ್ಪತ್ರೆಯ ಡೇ ಕೇರ್‌ನಲ್ಲಿ 27 ಸಲ ಮಲಗಿದ್ದೇನೆ, 41 ಬ್ಯಾಗ್ ರಕ್ತ ಒಳಗೆ ಹೋಗಿದೆ. ಆ ಸೇವೆ ಹೇಗಿದೆ ಅಂತ ಹೇಳಲು ಇಷ್ಟು ಸಾಕು ಅಂದುಕೊಂಡು ಬರೆಯುತ್ತಿದ್ದೇನೆ.

ಸಿಸ್ಟರ್‌ಗಳ ಕೈಗುಣದ ಬಗ್ಗೆ ನನ್ನಲ್ಲಿ ಒಂದೇ ಒಂದು ದೂರಿಲ್ಲ. ಪ್ರತಿ ಬ್ಯಾಗಿಗೂ ಇಬ್ಬರು ಬಂದು ನಿಲ್ಲುತ್ತಾರೆ. ಒಬ್ಬರು ಬ್ಯಾಗಿನ ಮೇಲಿನ ನಂಬರ್ ಓದುತ್ತಾರೆ, ಇನ್ನೊಬ್ಬರು ನನ್ನ ಕೈಪಟ್ಟಿ ನೋಡುತ್ತಾರೆ, ನನ್ನ ಹೆಸರನ್ನು ನನ್ನ ಬಾಯಲ್ಲೇ ಹೇಳಿಸುತ್ತಾರೆ. ಮೊದಲ 15 ನಿಮಿಷ ಹನಿ ತೀರಾ ನಿಧಾನ, ಜ್ವರ ಬರುತ್ತದೋ, ನಡುಕ ಬರುತ್ತದೋ ಅಂತ ಪಕ್ಕದಲ್ಲೇ ಇರುತ್ತಾರೆ. ಇದರಲ್ಲಿ ಒಂದು ನಿಮಿಷವನ್ನೂ ಯಾರೂ ಉಳಿಸಬಾರದು.

ನನ್ನ ಮಾತು ಬೇರೆ ನಿಮಿಷಗಳ ಬಗ್ಗೆ. ಮೊದಲ ಸಲ ಹೋದಾಗ 'ಬ್ಯಾಗಿಗೆ ಎರಡು ಗಂಟೆ ಅಷ್ಟೇ' ಅಂದಿದ್ದರು. ಸುಳ್ಳೇನಲ್ಲ. ಫ್ರಿಜ್‌ನಿಂದ ಹೊರಬಂದ ರಕ್ತ 4 ಗಂಟೆಯೊಳಗೆ ಮುಗಿಯಲೇಬೇಕು ಎಂಬ ನಿಯಮವೇ ಇದೆ. ಆದರೆ 9ನೇ ಭೇಟಿಯಂದು ನಾನು ಡೈರಿಯಲ್ಲಿ ಬರೆದುಕೊಂಡದ್ದು ಹೀಗಿದೆ: 8.10ಕ್ಕೆ ತಲುಪಿದೆ. 8.40ಕ್ಕೆ ಸಿಬಿಸಿಗೆ, ಅಂದರೆ ರಕ್ತಕಣಗಳ ಎಣಿಕೆಗೆ, ರಕ್ತ ತೆಗೆದರು. 9.50ಕ್ಕೆ ರಿಪೋರ್ಟ್, ಹಿಮೋಗ್ಲೋಬಿನ್ 6.8. 10.25ಕ್ಕೆ ಡಾಕ್ಟರ್ ಎರಡು ಬ್ಯಾಗ್ ಬರೆದರು. 10.40ಕ್ಕೆ, ದಾನಿಯ ರಕ್ತ ನನ್ನದಕ್ಕೆ ಹೊಂದುತ್ತದೋ ಅಂತ ನೋಡುವ ಕ್ರಾಸ್ ಮ್ಯಾಚ್‌ಗೆ ಮತ್ತೆ ಚುಚ್ಚಿದರು. ಮೊದಲ ಹನಿ ಬಿದ್ದದ್ದು 12.35ಕ್ಕೆ. ಎರಡನೇ ಬ್ಯಾಗ್ ಮುಗಿದು ಸೂಜಿ ತೆಗೆಸಿಕೊಂಡು ಹೊರಬಂದಾಗ 5.45. ಒಟ್ಟು 9 ಗಂಟೆ 35 ನಿಮಿಷ, ಅದರಲ್ಲಿ ರಕ್ತ ಇಳಿದದ್ದು 4 ಗಂಟೆ 20 ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತನ್ನು, ಬಾಚಣಿಗೆ ಎತ್ತಿದರೂ ಕೈ ಸೋಲುವ ಸ್ಥಿತಿಯಲ್ಲಿ, ಕುರ್ಚಿಯ ಮೇಲೆ ಕೂತು ಕಳೆದಿದ್ದೆ. ನನ್ನ ಜೊತೆ ರಜೆ ಹಾಕಿ ಬಂದ ಮಗಳ ದಿನವೂ ಹಾಗೇ ಹೋಯಿತು. ಕ್ಯಾನ್ಸರ್ ಡಾಕ್ಟರ್‌ಗಳು ಇದಕ್ಕೆ 'ಟೈಮ್ ಟಾಕ್ಸಿಸಿಟಿ' ಅನ್ನುತ್ತಾರೆ. ಚಿಕಿತ್ಸೆಯೇ ನುಂಗುವ ಸಮಯವನ್ನೂ ಅಡ್ಡ ಪರಿಣಾಮ ಅಂತ ಲೆಕ್ಕ ಹಿಡಿಯಬೇಕು ಎಂಬ ಮಾತದು. ಆ ಹೆಸರು ಕೇಳಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು.

ಎರಡು ಬ್ಯಾಗ್ ಹಾಕಿದರೆ ಹಿಮೋಗ್ಲೋಬಿನ್ ಹೆಚ್ಚು ಕಡಿಮೆ ಎರಡು ಗ್ರಾಂ ಏರುತ್ತದೆ. ಮಾರನೇ ದಿನ ಮನೆಯ 16 ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತುತ್ತೇನೆ. ಅಪರಿಚಿತರೊಬ್ಬರು ಕೊಟ್ಟ ರಕ್ತ ಅದು, ಪ್ರತಿ ಸಲವೂ ಮೇಲಿನ ಮೆಟ್ಟಿಲಲ್ಲಿ ಅವರು ನೆನಪಾಗುತ್ತಾರೆ. ಈ ಸುಖ ನನಗೆ ಸುಮಾರು 12 ದಿನ, ಆಮೇಲೆ ಇಳಿಮುಖ. ಇರುವುದೇ ಇಷ್ಟು ಒಳ್ಳೆಯ ದಿನ ಅಂದಾಗ ಕಾಯುತ್ತಾ ಕಳೆದ ನಾಲ್ಕು ಗಂಟೆ ತುಂಬ ದೊಡ್ಡದು.

14ನೇ ಭೇಟಿಯ ರಾತ್ರಿ ಉಸಿರು ಕಟ್ಟಿತು, ಅಂಗಾತ ಮಲಗಲು ಆಗಲಿಲ್ಲ. ಮೈಯಲ್ಲಿ ದ್ರವ ಹೆಚ್ಚಾಗಿತ್ತು. ಅಂದಿನಿಂದ ಒಂದು ಸಲಕ್ಕೆ ಒಂದೇ ಬ್ಯಾಗ್, ಮೂರು ಗಂಟೆ ತೆಗೆದುಕೊಂಡು ನಿಧಾನವಾಗಿ, ಆದರೆ 10 ದಿನಕ್ಕೊಮ್ಮೆ. ಭೇಟಿ ಇಮ್ಮಡಿಯಾಯಿತಲ್ಲ ಅಂತ ಕುಗ್ಗಿದ್ದೆ. ಕಾಪಾಡಿದ್ದು ಒಬ್ಬ ಸಿಸ್ಟರ್ ಹೇಳಿದ ಒಂದು ಸಣ್ಣ ಮಾತು: 'ಹಿಂದಿನ ದಿನ ಸಂಜೆ ಬಂದು ಸಿಬಿಸಿ ಕೊಡಿ, ಅದೇ ಚುಚ್ಚಿನಲ್ಲಿ ಕ್ರಾಸ್ ಮ್ಯಾಚ್ ಸ್ಯಾಂಪಲ್ ಕೂಡ ತೆಗೀತೀವಿ.' ಪದೇ ಪದೇ ರಕ್ತ ಹಾಕಿಸಿಕೊಳ್ಳುವವರ ಸ್ಯಾಂಪಲ್ 3 ದಿನ ನಡೆಯುತ್ತದೆ. ಇದನ್ನು ಮೊದಲ ದಿನವೇ ಯಾಕೆ ಹೇಳಲಿಲ್ಲ? ಈಗ ಸಂಜೆ ಅರ್ಧ ಗಂಟೆ, ಮಾರನೇ ದಿನ 8.30ಕ್ಕೆ ಹೋದರೆ 9ಕ್ಕೆ ಹನಿ ಶುರು, 12.20ಕ್ಕೆ ಹೊರಗೆ. ವಾರದ ಲೆಕ್ಕ ಹಾಕಿದರೆ ಆಸ್ಪತ್ರೆಯಲ್ಲಿ ಕಳೆಯುವ ಹೊತ್ತು ಹೆಚ್ಚು ಕಡಿಮೆ ಮೊದಲಿನಷ್ಟೇ, ಓಡಾಟ ಜಾಸ್ತಿ. ಆದರೂ ನನಗೆ ಇದೇ ಇಷ್ಟ. ಮಧ್ಯಾಹ್ನ ನನ್ನದಾಗಿ ಉಳಿಯುತ್ತದೆ.

ಎಲ್ಲ ಸಲವೂ ಹೀಗೆ ಸಲೀಸಾಗಿ ಆಗಿಲ್ಲ. ಒಮ್ಮೆ ಟ್ಯೂಬಿನ ಮೇಲಿನ ಹೆಸರಿಗೂ ಫಾರ್ಮಿನ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ ಅಂತ ಬ್ಲಡ್ ಬ್ಯಾಂಕ್ ಸ್ಯಾಂಪಲ್ ತಿರಸ್ಕರಿಸಿತು. ತಿರಸ್ಕರಿಸಿದ್ದು ಸರಿ, ಅದು ನನ್ನ ಜೀವದ ಪ್ರಶ್ನೆ. ಆದರೆ ನಮಗೆ ತಿಳಿಸಿದ್ದು ಒಂದೂವರೆ ಗಂಟೆಯ ಮೇಲೆ, ಅದೂ ಮಗಳು ಮೂರನೇ ಸಲ ಹೋಗಿ ಕೇಳಿದಾಗ. 19ನೇ ಭೇಟಿಯಲ್ಲಿ ನನ್ನ ರಕ್ತದಲ್ಲಿ, ಬೇರೆಯವರ ರಕ್ತಕಣಗಳನ್ನು ವಿರೋಧಿಸುವ ಆ್ಯಂಟಿಬಾಡಿ ಹುಟ್ಟಿದೆ ಅಂತ ಗೊತ್ತಾಯಿತು. ಹಲವರ ರಕ್ತ ಪಡೆದವರಲ್ಲಿ ಹೀಗಾಗುವುದುಂಟು. ಹೊಂದುವ ಬ್ಯಾಗ್ ಹುಡುಕಲು ಒಂದು ದಿನ ಹಿಡಿಯಿತು, ಬರಿಗೈಯಲ್ಲಿ ಮನೆಗೆ ಬಂದೆವು. ಹಿಂದಿನ ದಿನವೇ ಸ್ಯಾಂಪಲ್ ಕೊಡಲು ಇದೂ ಒಂದು ಕಾರಣ. ತೊಡಕಿದ್ದರೆ ಸಂಜೆಯೇ ಫೋನ್ ಬರುತ್ತದೆ.

ಇನ್ನೊಂದು ವಿಷಯ ಯಾರೂ ಮೊದಲು ಹೇಳುವುದಿಲ್ಲ. ಒಂದು ಬ್ಯಾಗಿನಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಆರೋಗ್ಯವಂತರ ಇಡೀ ಮೈಯಲ್ಲಿರುವುದೇ 3-4 ಗ್ರಾಂ. ನನ್ನ 41 ಬ್ಯಾಗಿನದು 8 ಗ್ರಾಂ ದಾಟಿದೆ. ಅದನ್ನು ಹೊರಹಾಕಲು ದಿನಾ ಡೆಫೆರಾಸಿರಾಕ್ಸ್ ಮಾತ್ರೆ, ಮಾತ್ರೆಗಾಗಿ ಕಿಡ್ನಿ ಪರೀಕ್ಷೆ. ಆ ಪರೀಕ್ಷೆಯನ್ನೂ ಅದೇ ಸಂಜೆಯ ಚುಚ್ಚಿಗೆ ಸೇರಿಸಿ ಅಂತ ಕೇಳಿದೆ, ಸೇರಿಸಿದರು. ಕೇಳದಿದ್ದರೆ ಅದಕ್ಕೂ ಬೇರೆ ದಿನ ಹೋಗಬೇಕಿತ್ತು.

ಆರೈಕೆಗೆ 5ಕ್ಕೆ 5. ಸಮಯಕ್ಕೆ ಮೊದಲಾಗಿದ್ದರೆ 5ಕ್ಕೆ 2 ಕೊಡುತ್ತಿದ್ದೆ, ಈಗ 4. ಹೊಸಬರಿಗೆ ಮೊದಲ ದಿನವೇ ಸ್ಯಾಂಪಲ್ ವಿಷಯ ತಿಳಿಸಿ, ಬ್ಯಾಗ್ ಸಿದ್ಧವಾದಾಗ ಒಂದು ಮೆಸೇಜ್ ಹಾಕಿ ಅಂತ ಡೇ ಕೇರ್‌ನವರಿಗೆ ಬರೆದುಕೊಟ್ಟಿದ್ದೇನೆ.

ನಾಳೆ 28ನೆಯದು. ಸ್ಯಾಂಪಲ್ ಇವತ್ತು ಸಂಜೆ ಕೊಟ್ಟು ಬಂದೆ. ಇಲ್ಲಿಯವರೆಗೆ ಫೋನ್ ಬಂದಿಲ್ಲ.