ಮಣಿ ಮಾಡುವ ಮನೆಗೆ ಮುರಾನೊದ ಎಫೆತ್ರೆ ಗಾಜಿನ ಕಡ್ಡಿ

ವೆನಿಸ್ ಪಕ್ಕದ ಮುರಾನೊ ದ್ವೀಪದಿಂದ ಬರುವ ಎಫೆತ್ರೆ ಕಂಪನಿಯ ಗಾಜಿನ ಕಡ್ಡಿಯನ್ನು ಹಳಬರು ಇವತ್ತಿಗೂ ಹಳೆಯ ಹೆಸರು ಹಿಡಿದು ಮೊರೆತ್ತಿ ಅಂತಲೇ ಕರೆಯುತ್ತಾರೆ. ಮನೆಮಂದಿಯೇ ಕೂತು ಮಣಿ, ಪದಕ, ಸಣ್ಣಪುಟ್ಟ ಗಾಜಿನ ಅಲಂಕಾರ ಮಾಡುವ ಸ್ಟುಡಿಯೊಗೆ ಇದಕ್ಕಿಂತ ಒಗ್ಗುವ ಗಾಜು ಸಿಗುವುದು ಕಷ್ಟ. ಕಡ್ಡಿ 5ರಿಂದ 6 ಮಿ.ಮೀ. ದಪ್ಪ. ಗ್ಯಾಸ್ ಟಾರ್ಚಿನ ಉರಿಗೆ ಬೇಗ ಕರಗುತ್ತದೆ, ಜೇನಿನ ಹಾಗೆ ನಿಧಾನಕ್ಕೆ ಇಳಿಯುತ್ತದೆ, ಹೊಸ ಕೈಗೂ ಲೋಹದ ಸರಳಿಗೆ ಸುತ್ತಲು ಸಮಯ ಕೊಡುತ್ತದೆ.

ಇದರ ದೊಡ್ಡ ಗುಣ ಬಣ್ಣಗಳು ಒಂದಕ್ಕೊಂದು ಹೊಂದಿಕೊಳ್ಳುವುದು. ಬಿಸಿಗೆ ಹಿಗ್ಗುವ ಪ್ರಮಾಣವನ್ನು ತೋರಿಸುವ ಸಂಖ್ಯೆ ಎಲ್ಲಕ್ಕೂ 104. ಪ್ರಯೋಗಾಲಯದ ಪಾತ್ರೆಗೆ ಬಳಸುವ, ಬಿಸಿ ತಡೆಯುವ ಬೊರೊಸಿಲಿಕೇಟ್ ಗಾಜಿಗೆ ಅದು 33 ಮಾತ್ರ. ಎರಡನ್ನೂ ಬೆರೆಸಿದರೆ ಮಣಿ ಬಿಸಿಯಲ್ಲಿ ಚೆಂದವಾಗಿಯೇ ಕಂಡು, ಆರುವಾಗಲೋ ವಾರ ಬಿಟ್ಟೋ ಸೀಳುತ್ತದೆ. ಒಡೆದ ಬಳೆ ಚೂರನ್ನು ಮೇಲೆ ಅಂಟಿಸುವ ಆಸೆಯೂ ಬೇಡ. ಬಳೆಯ ಗಾಜು ಎಷ್ಟು ಹಿಗ್ಗುತ್ತದೆ ಅನ್ನುವುದು ಯಾರ ಕೈಯಲ್ಲೂ ಬರೆದಿರುವುದಿಲ್ಲ.

ತಣ್ಣಗಿನ ಕಡ್ಡಿಯನ್ನು ನೇರ ಉರಿಗೆ ಹಿಡಿದರೆ ಚಿಟಕ್ಕನೆ ಸಿಡಿದು ಚೂರು ಮೇಜಿನ ಮೇಲೆಲ್ಲ ಹಾರುತ್ತದೆ. ಉರಿಯ ತುದಿಯಿಂದಾಚೆ ಹಿಡಿದು, ತಿರುಗಿಸುತ್ತ, ಮೆಲ್ಲಗೆ ಒಳಗೆ ತನ್ನಿ. ಬಣ್ಣವಿಲ್ಲದ ಪಾರದರ್ಶಕ ಗಾಜನ್ನು ಟಾರ್ಚಿನ ಬಾಯಿಗೆ ತೀರ ಹತ್ತಿರ ಕಾಯಿಸಿದರೆ ಒಳಗೆ ಸಣ್ಣ ಗುಳ್ಳೆ ಏಳುತ್ತವೆ. ಕಡ್ಡಿಯನ್ನು ಮೊದಲೇ ಒರೆಸಿಕೊಳ್ಳದಿದ್ದರೆ ಧೂಳೂ ಒಳಗೇ ಉಳಿಯುತ್ತದೆ. ತಾಮ್ರದಿಂದ ಬಣ್ಣ ಪಡೆದ ವೈಡೂರ್ಯನೀಲಿಗೆ ಆಮ್ಲಜನಕ ಕಡಿಮೆಯಾದರೆ ಮೈ ಕೆಂಪಾಗಿ ಮಂಕಾಗುತ್ತದೆ. ಅದನ್ನೇ ದಂತಬಣ್ಣದ ಮೇಲೆ ಎಳೆದರೆ ಅಂಚಿನುದ್ದಕ್ಕೂ ಕಪ್ಪು ಗೆರೆ ಬೀಳುತ್ತದೆ. ಗೊತ್ತಿದ್ದವರು ಅದನ್ನೇ ವಿನ್ಯಾಸ ಮಾಡಿಕೊಳ್ಳುತ್ತಾರೆ.

ಸುತ್ತುವುದಕ್ಕೆ 2.4 ಮಿ.ಮೀ. ಸ್ಟೇನ್‌ಲೆಸ್ ಸರಳು ಸಾಕು. ಅದಕ್ಕೆ ಬಿಡುಗಡೆ ಮಣ್ಣಿನ, ಅಂದರೆ ಮಣಿ ಸರಳಿನಿಂದ ಸುಲಭವಾಗಿ ಕಳಚಲು ಹಚ್ಚುವ ಮಣ್ಣಿನ, ಲೇಪ ಬೇಕು. ತೆಳುವಾದರೆ ಮಣಿ ಸರಳಿಗೇ ಕಚ್ಚಿಕೊಳ್ಳುತ್ತದೆ, ದಪ್ಪವಾದರೆ ಲೇಪ ಕಳಚಿ ಮಣಿ ಸರಳಿನ ಮೇಲೆ ಗಿರಕಿ ಹೊಡೆಯುತ್ತದೆ. ಮುಗಿದ ಮಣಿಯ ತೂತಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಅಂಚು ಒಳಕ್ಕೆ ಮಡಚಿ ಗುಳಿ ಬಿದ್ದಿರಬೇಕು. ಚೂಪಾಗಿ ನಿಂತಿದ್ದರೆ ಹಾಕಿದ ಅಗಲಕ್ಕೆ ಗಾಜು ಸಾಲಲಿಲ್ಲ ಎಂದರ್ಥ, ಅಂಥ ಮಣಿ ಹಾರದ ದಾರವನ್ನು ದಿನದಿನವೂ ಕೊಯ್ಯುತ್ತದೆ.

ಖರ್ಚಿನ ವಿಷಯಕ್ಕೆ ಬಂದರೆ, ಐವತ್ತು ಬಣ್ಣ ತರಿಸುವ ಮೊದಲು ತಾಪ ನಿಯಂತ್ರಣವಿರುವ ಕುಲುಮೆ ಕೊಳ್ಳಿ. ಬೂದಿಯಲ್ಲೋ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಚೂರಿನಲ್ಲೋ ಹೂತು ಆರಿಸುವುದು ಹದಗೊಳಿಸಿದ ಹಾಗಲ್ಲ. ಹದಗೊಳಿಸುವುದು ಅಂದರೆ ಗಾಜಿನ ಒಳಗಿನ ಬಿಗಿತ ಹೋಗುವಂತೆ ಬಿಸಿಯಲ್ಲಿಟ್ಟು ನಿಧಾನಕ್ಕೆ ತಣಿಸುವುದು. ಈ ಗಾಜಿಗೆ ಸುಮಾರು 510 ಡಿಗ್ರಿ ಸೆಲ್ಸಿಯಸ್ ಬೇಕು. ಸಾಧಾರಣ ಗಾತ್ರದ ಮಣಿಗಳನ್ನು ಒಂದು ಗಂಟೆ ಅಲ್ಲೇ ಇಟ್ಟು, ಗಂಟೆಗೆ 50 ಡಿಗ್ರಿಯಂತೆ 370ರವರೆಗೆ ಇಳಿಸಿ, ಆಮೇಲೆ ಕುಲುಮೆಯ ಬಾಗಿಲು ತೆಗೆಯದೆ ತಣಿಯಲು ಬಿಡಿ. ಮೊದಲ ಸಲಕ್ಕೆ ಕಪ್ಪು, ಬಿಳಿ, ದಂತ, ಪಾರದರ್ಶಕ ಜೊತೆಗೆ ಆರು ಬಣ್ಣ ಸಾಕು. ಬಂಗಾರ ಬೆರೆಸಿದ ಗುಲಾಬಿ ಕಡ್ಡಿ ದುಬಾರಿ. ಬೆಲೆ ಹೇಳುವಾಗ ಅದನ್ನು ಬೇರೆಯಾಗಿಯೇ ಲೆಕ್ಕ ಹಾಕಿ.

ಅಡುಗೆ ಮನೆಯ ಗ್ಯಾಸ್ ರೆಗ್ಯುಲೇಟರ್ ಟಾರ್ಚಿಗೆ ಆಗುವುದಿಲ್ಲ, ಒತ್ತಡ ಸಾಲದು. ವ್ಯಾಪಾರಕ್ಕೆ ವಾಣಿಜ್ಯ ಸಿಲಿಂಡರೇ ಬೇಕು. ಗಾಜಿನ ಸೋಡಿಯಂನಿಂದ ಏಳುವ ಹಳದಿ ಉರಿಯ ಝಳಪನ್ನು ತಡೆಯುವ ಡಿಡಿಮಿಯಂ ಕನ್ನಡಕ, ಹೊಗೆ ಹೊರಗೆಳೆಯುವ ಫ್ಯಾನು ಇವೆರಡರಲ್ಲಿ ಉಳಿತಾಯ ಮಾಡಬೇಡಿ.

ಮನೆಯಲ್ಲಿ ಹಲವು ಕೈ ಓಡಾಡುವಾಗ ಕಡ್ಡಿಗಳು ಬೆರೆತುಹೋಗುವುದು ಮಾಮೂಲು. ಅನುಮಾನ ಬಂದಾಗ ಎರಡರ ತುದಿಯನ್ನೂ ಪಕ್ಕಪಕ್ಕ ಅಂಟಿಸಿ ಕರಗಿಸಿ, ಒಂದಡಿ ಉದ್ದಕ್ಕೆ ಎಳೆ ತೆಗೆಯಿರಿ. ಆರಿದ ಮೇಲೆ ಎಳೆ ನೇರ ಇದ್ದರೆ ಜೋಡಿ ಸರಿ. ಬಿಲ್ಲಿನಂತೆ ಬಾಗಿದರೆ ಆ ಎರಡನ್ನು ಒಂದೇ ಮಣಿಗೆ ಹಾಕಬೇಡಿ.